ಬೀಗದ ಕೈ ಯಾರ ಹತ್ತಿರ?

ಜನವರಿಯ ಮಂಜು ಇನ್ನೂ ಕದಲಿಲ್ಲ. ಎದುರಿಗೆ ಬೇವಿನ ಮರವಿದೆ ಎಂದು ಗೊತ್ತಾಗುವುದು ಅದರ ಎಲೆಗಳಿಂದ ಟಪಟಪನೆ ಬೀಳುವ ಹನಿಗಳಿಂದ. ಗೋಡೆಗೆ ಆತುಕೊಂಡ ಚಹದಂಗಡಿಯಲ್ಲಿ ಇದ್ದಿಲ ಹೊಗೆ, ಸಾಸಿವೆ ಎಣ್ಣೆಯ ಘಾಟು, ಶುಂಠಿ ಜಜ್ಜುವ ಸದ್ದು. ತಲೆಗೆ ಮಫ್ಲರ್ ಸುತ್ತಿಕೊಂಡ ಇಬ್ಬರು ರಿಕ್ಷಾದವರು ಗ್ಲಾಸಿನ ಬಿಸಿಗೆ ಅಂಗೈ ಒತ್ತಿ ಕೂತಿದ್ದಾರೆ. ಈ ಮಬ್ಬಿನಲ್ಲೂ ಸರಿಯಾಗಿ ಕಾಣುವುದೆಂದರೆ ಆ ಗೋಡೆಯೊಂದೇ. ಎರಡಾಳೆತ್ತರ, ಸಣ್ಣ ಇಟ್ಟಿಗೆಯ ಹಳೇ ಕಟ್ಟಡ, ತುದಿಯಲ್ಲಿ ಗಾರೆಗೆ ನೆಟ್ಟ ಗಾಜಿನ ಚೂರುಗಳು, ಅವುಗಳ ಮೇಲೆ ಸಾಲಾಗಿ ಕೂತು ಮೈಕೊಡವುವ ಗುಬ್ಬಿಗಳು.

ಉತ್ತರ ಭಾರತದ ಒಂದು ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಇದು. ಹೊಟ್ಟೆಪಾಡಿಗೆಂದು ಆ ಕಡೆ ನೆಲೆಸಿದ್ದ ಕನ್ನಡದವಳು ನಾನು. ತಪಾಸಣೆಗೆ ಹೊರಟ ತಂಡದವಳಲ್ಲ. ಬಾಯಿ ಮುಚ್ಚಿಕೊಂಡು, ಕಣ್ಣು ತೆರೆದುಕೊಂಡು ಹಿಂದೆ ಬರುವುದಾದರೆ ಬಾ ಎಂದಿದ್ದರು. ಊರಿನ ಹೆಸರು, ಆಸ್ಪತ್ರೆಯ ಹೆಸರು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ರೋಗಿಗಳ ಹೆಸರು, ಚಿತ್ರ ಪ್ರಕಟಿಸದಂತೆ ಕಾನೂನೇ ಕೈ ಕಟ್ಟಿದೆ. ನೀವೂ ಹಾಗೇ ಸದ್ದಿಲ್ಲದೆ ಹಿಂದೆ ಬನ್ನಿ. ಶಾಲು ಗಟ್ಟಿಯಾಗಿ ಹೊದ್ದುಕೊಳ್ಳಿ, ಒಳಗೆ ಹೊರಗಿಗಿಂತ ಚಳಿ.

ಜೀಪಿನಿಂದ ಇಳಿದವರು ಆರು ಜನ. ಮುಂದೆ ಕೋಲೂರಿಕೊಂಡು ನಡೆಯುವವರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ಎಲ್ಲರೂ ಅವರನ್ನು ಜಜ್ ಸಾಹೇಬ್ ಎನ್ನುತ್ತಾರೆ. ಜತೆಗೆ ಬೇರೆ ಊರಿನಿಂದ ಬಂದ ಮನೋವೈದ್ಯೆ, ಕಲೆಕ್ಟರ್ ಕಚೇರಿಯ ಒಬ್ಬ ಅಧಿಕಾರಿ, ಜನರಲ್ ಡಾಕ್ಟರೊಬ್ಬರು. ಉಳಿದಿಬ್ಬರ ಕಡೆ ಸ್ವಲ್ಪ ಹೆಚ್ಚು ಗಮನ ಕೊಡಿ. ಒಬ್ಬರು ಕಾಯಿಲೆಯ ಮಗನನ್ನು ಬಹುಕಾಲ ಮನೆಯಲ್ಲೇ ನೋಡಿಕೊಂಡ ತಾಯಿ. ಇನ್ನೊಬ್ಬರು ಗಣಿತದ ಮಾಸ್ತರರು. ಪ್ರಾಯದಲ್ಲಿ ಇಂಥದೇ ಬೇರೊಂದು ಆಸ್ಪತ್ರೆಯ ಬೀಗದೊಳಗೆ ರೋಗಿಯಾಗಿ ಇದ್ದು ಬಂದವರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಜಿಲ್ಲೆಗಳಿಗೆಂದು ರೂಪಿಸಿದ ರಿವ್ಯೂ ಬೋರ್ಡಿನಲ್ಲಿ ಕಾಯಿಲೆ ಕಂಡವರಿಗೆ, ಅವರನ್ನು ನೋಡಿಕೊಂಡವರಿಗೆ, ಅವರ ಪರ ಕೆಲಸ ಮಾಡುವ ಸಂಸ್ಥೆಗಳಿಗೆಂದು ಎರಡು ಕುರ್ಚಿ ತೆಗೆದಿಡಬೇಕು. ಆ ಎರಡು ಕುರ್ಚಿ ಇಲ್ಲದಿದ್ದರೆ ಈ ಬೆಳಗು ಬೇರೆಯೇ ಆಗುತ್ತಿತ್ತು. ಬೋರ್ಡಿಗೆ ಪೆನ್ಸಿಲಿನಲ್ಲಿ ಬರೆದ, ಸಹಿಯಿಲ್ಲದ ಒಂದು ದೂರು ಬಂದಿದೆ. ರೋಗಿಯ ಹಕ್ಕಿಗೆ ಧಕ್ಕೆಯಾಗಿದೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಹೋಗಿ ನೋಡಲೇಬೇಕು.

ಮೊದಲು ದೊಡ್ಡ ಗೇಟು, ಅದರ ಹೊಟ್ಟೆಯಲ್ಲಿ ಬಗ್ಗಿ ದಾಟುವ ಕಿರುಬಾಗಿಲು. ಆಮೇಲೆ ಅಂಗಳ, ಅಂಗಳದಾಚೆ ಕಬ್ಬಿಣದ ಗೇಟು, ಅದರೊಳಗೆ ವಾರ್ಡಿನ ಬಾಗಿಲು. ಜಮಾದಾರನ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅವನು ಬಾಗಿಲು ತೆರೆಯುತ್ತಾನೆ, ನಮ್ಮನ್ನು ಎಣಿಸಿ ಒಳಗೆ ಬಿಡುತ್ತಾನೆ, ಹಿಂದೆ ಬೀಗ ಜಡಿಯುತ್ತಾನೆ, ಜಗ್ಗಿ ನೋಡುತ್ತಾನೆ, ಆಮೇಲೆ ಮುಂದಿನ ಬಾಗಿಲಿಗೆ ಬರುತ್ತಾನೆ. ಈ ಗೊಂಚಲಿನ ಸದ್ದಿಗೆ ಒಳಗಿನವರ ಕಿವಿ ಎಷ್ಟು ಪಳಗಿದೆಯೆಂದರೆ, ನಾವು ವಾರ್ಡು ಮುಟ್ಟುವ ಮೊದಲೇ ಕಿಟಕಿಯ ಸರಳುಗಳ ಹಿಂದೆ ಮುಖಗಳು ಮೂಡಿದ್ದವು.

ಸೂಪರಿಂಟೆಂಡೆಂಟರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಓಡಿಬಂದರು. “ಮೊದಲು ಚಹಾ, ಸಾಹೇಬ್.” ಜಜ್ ಸಾಹೇಬರು ನಕ್ಕರು, ಕೂರಲಿಲ್ಲ. “ಚಹಾಕ್ಕೆ ಅರ್ಧ ಗಂಟೆ ಬೇಕು. ಅರ್ಧ ಗಂಟೆಯಲ್ಲಿ ಎಲ್ಲ ಮಂಚಕ್ಕೂ ಹೊಸ ಚಾದರ ಬೀಳುತ್ತವೆ. ಅಡುಗೆಮನೆ ಯಾವ ಕಡೆ?”

ಅಡುಗೆಮನೆಯ ಬಾಗಿಲಲ್ಲೇ ಬಿಸಿ ಹಬೆ ಮುಖಕ್ಕೆ ಬಡಿದು ಕನ್ನಡಕ ಮಂಜಾಯಿತು. ಆಳು ಕೂರುವಷ್ಟು ದೊಡ್ಡ ಪಾತ್ರೆಯಲ್ಲಿ ಖಿಚಡಿ ಕುದಿಯುತ್ತಿದೆ; ಒಬ್ಬ ಸ್ಟೂಲಿನ ಮೇಲೆ ನಿಂತು ಸೌಟಿನಿಂದ ತಿರುವುತ್ತಿದ್ದಾನೆ. ಅರಿಸಿನ, ಇಂಗು, ಎಲ್ಲೋ ತಳ ಹತ್ತಿದ ಸಣ್ಣ ವಾಸನೆ. ಮೂಲೆಯಲ್ಲಿ ಇಬ್ಬರು ಆಲೂಗಡ್ಡೆ ಹೆರೆಯುತ್ತಿದ್ದಾರೆ. ಗೋಡೆಯ ಮೇಲೆ ಡಯಟ್ ಪಟ್ಟಿ: ಬೇಳೆ ಎಷ್ಟು, ತರಕಾರಿ ಎಷ್ಟು, ಹಾಲು ಎಷ್ಟು, ತಲೆಗೆ ಇಷ್ಟೆಂದು ಗ್ರಾಂ ಲೆಕ್ಕದಲ್ಲಿ. ಜಜ್ ಸಾಹೇಬರು ಒಂದು ಬಟ್ಟಲು ಹಾಕಿಸಿಕೊಂಡು ನಿಂತೇ ತಿಂದರು. ಚೆನ್ನಾಗಿದೆ ಅಂದರು, ಚೆನ್ನಾಗಿಯೂ ಇತ್ತು. ಮನೋವೈದ್ಯೆ ಬಟ್ಟಲು ಮುಟ್ಟಲಿಲ್ಲ, ರೋಗಿಗಳ ತೂಕದ ಪುಸ್ತಕ ತರಿಸಿದರು.

ಆಮೇಲೆ ನನಗೆ ಹೊಳೆದದ್ದು ಇದು. ಇಲ್ಲಿ ಕೊಡುವ ಮಾತ್ರೆಗಳಲ್ಲಿ ಒಲಾಂಜಪಿನ್‌ನಂಥ ಕೆಲವು ಮೈತೂಕ ಏರಿಸುವಂಥವು, ಹಸಿವನ್ನೂ ಕೆರಳಿಸುತ್ತವೆ. ಅಂಥ ಮಾತ್ರೆ ನುಂಗುತ್ತಿರುವವರ ತೂಕ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ, ಒಂದೋ ಮಾತ್ರೆ ಬಾಯಿಗೆ ಬೀಳುತ್ತಿಲ್ಲ, ಇಲ್ಲವೇ ಊಟ ಬೀಳುತ್ತಿಲ್ಲ, ಅದೂ ಅಲ್ಲದಿದ್ದರೆ ಮೈಯಲ್ಲಿ ಬೇರೇನೋ ರೋಗವಿದ್ದು ಯಾರೂ ನೋಡಿಲ್ಲ. ತಪಾಸಣೆಯ ದಿನ ರುಚಿಯಾದ ಖಿಚಡಿ ಮಾಡುವುದು ಸುಲಭ, ಆರು ತಿಂಗಳ ತೂಕವನ್ನು ಒಂದೇ ಬೆಳಗ್ಗೆ ಏರಿಸಲಾಗದು. ಡಾಕ್ಟರಮ್ಮನ ಬೆರಳು ಸಾಲಿನಿಂದ ಸಾಲಿಗೆ ಜಾರುತ್ತಾ ನಾಲ್ಕು ಹೆಸರುಗಳ ಮುಂದೆ ನಿಂತಿತು. ಆ ನಾಲ್ವರನ್ನು ಸಂಜೆಯೊಳಗೆ ನೋಡಬೇಕೆಂದರು.

ಗಂಡಸರ ವಾರ್ಡು ಉದ್ದನೆಯ ಹಜಾರ. ಎತ್ತರದ ಮಾಡು, ಕೈಗೆ ಎಟುಕದಷ್ಟು ಮೇಲೆ ಸಣ್ಣ ಕಿಟಕಿಗಳು. ಈ ಕಟ್ಟಡಗಳನ್ನು ಹಾಕಿದವರ ಮನಸ್ಸಿನಲ್ಲಿ ಜೈಲೇ ಇತ್ತೆನ್ನಲು ಬೇರೆ ಸಾಕ್ಷಿ ಬೇಡ. ಫಿನಾಯಿಲ್ ಈಗಷ್ಟೇ ಸುರಿದಿದ್ದಾರೆ. ಅದರಡಿಯಲ್ಲಿ ಹಳೇ ಉಚ್ಚೆಯ ವಾಸನೆ, ಅದರಡಿಯಲ್ಲಿ ಒದ್ದೆ ಕಂಬಳಿಯ ವಾಸನೆ. ಮಂಚಗಳ ನಡುವೆ ನೆಲದ ಮೇಲೂ ಹಾಸಿಗೆಗಳು. ಸುಪ್ರೀಂ ಕೋರ್ಟು 1997ರಲ್ಲಿ ಆಗ್ರಾ, ಗ್ವಾಲಿಯರ್, ರಾಂಚಿ ಆಸ್ಪತ್ರೆಗಳ ಮೇಲೆ ಕಣ್ಣಿಡುವ ಕೆಲಸವನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಒಪ್ಪಿಸಿತು. ಅದೇ ಕಾಲಕ್ಕೆ ಆಯೋಗ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರನ್ನು ಕರೆದು ದೇಶದ 37 ಆಸ್ಪತ್ರೆಗಳನ್ನು ಸುತ್ತಿಸಿತು. 1999ರಲ್ಲಿ ಬಂದ ಆ ವರದಿಯ ಪ್ರಕಾರ ಶೇಕಡಾ 38 ಆಸ್ಪತ್ರೆಗಳು ಕಟ್ಟಿದಾಗಿನ ಜೈಲಿನ ರೂಪದಲ್ಲೇ ಇದ್ದವು. ಸರಾಸರಿ ಒಂದು ಮಂಚಕ್ಕೆ 1.4 ರೋಗಿಗಳಿದ್ದರು. ಆ ದಶಮಾಂಶ ಹೇಗಿರುತ್ತದೆಂದು ನೋಡಬೇಕಿದ್ದರೆ ಇಗೋ, ಎರಡು ಮಂಚಗಳ ಸಂದಿಯಲ್ಲಿ ಮೊಣಕಾಲು ಎದೆಗೊತ್ತಿಕೊಂಡು ಮಲಗಿದ್ದಾನೆ. ಕಂಬಳಿ ಗಿಡ್ಡ, ಪಾದ ಹೊರಗೆ.

ತಾಯಿ ಅವನ ಪಕ್ಕ ನೆಲಕ್ಕೆ ಕೂತೇಬಿಟ್ಟರು. ಕಂಬಳಿ ಎಳೆದು ಪಾದಕ್ಕೆ ಹೊದಿಸಿದರು. “ರಾತ್ರಿ ನಿದ್ದೆ ಬರ್ತದಾ ಬೇಟಾ?” ಎಂದರು. ಅವನು ಮಾತಾಡಲಿಲ್ಲ, ಅವರೂ ಏಳಲಿಲ್ಲ. ಕಲೆಕ್ಟರ್ ಕಚೇರಿಯ ಅಧಿಕಾರಿ ಮಂಚ ಎಣಿಸುತ್ತಿದ್ದರು, ಅದೂ ಬೇಕು.

ಜಜ್ ಸಾಹೇಬರು ತಲೆಗಳನ್ನು ನೋಡುತ್ತಿದ್ದರು. ಹೇನಿನ ಕಾಟವೆಂದು ಎಲ್ಲರ ತಲೆ ಬೋಳಿಸುವುದು ಇಂಥ ಕಡೆಗಳಲ್ಲಿ ಹಿಂದೆ ಮಾಮೂಲು. ಈಗಿನ ಕಾಯ್ದೆ ಬಲವಂತವಾಗಿ ತಲೆ ಬೋಳಿಸಬಾರದು ಎನ್ನುತ್ತದೆ, ಸ್ವಂತ ಬಟ್ಟೆ ಉಟ್ಟುಕೊಳ್ಳುವವರಿಗೆ ಯೂನಿಫಾರ್ಮು ಹೇರಬಾರದು ಎನ್ನುತ್ತದೆ, ಕೆಲಸ ಮಾಡಿಸಿದರೆ ಕೂಲಿ ಕೊಡಿ ಎನ್ನುತ್ತದೆ. ಈ ವಾರ್ಡಿನಲ್ಲಿ ಕೂದಲು ಇತ್ತು. ಬಟ್ಟೆ ಮಾತ್ರ ಎಲ್ಲರದೂ ಒಂದೇ ಬೂದುಬಣ್ಣ. “ನಿಮ್ಮ ಬಟ್ಟೆ ಎಲ್ಲಿ?” ಎಂದರೆ ಗೋಡೆಯ ಕಬ್ಬಿಣದ ಕಪಾಟು ತೋರಿಸಿದರು. ಕಪಾಟಿಗೆ ಬೀಗ, ಕೈ ಆಫೀಸಿನಲ್ಲಿ.

ಮಾಸ್ತರರು ಇಷ್ಟೂ ಹೊತ್ತು ಒಂದು ಮಾತೂ ಆಡಿರಲಿಲ್ಲ. ವಾರ್ಡಿನ ಕೊನೆಯ ಜಾಲರಿ ಬಾಗಿಲ ಹತ್ತಿರ ನಿಂತು ಆಚೆ ನೋಡುತ್ತಿದ್ದರು. ಆಚೆ ಕಾರಿಡಾರಿನಲ್ಲಿ ಹೊಚ್ಚ ಹೊಸ ನೀರಿನ ಯಂತ್ರ, ಶುದ್ಧೀಕರಿಸಿದ ನೀರು ಬರುವಂಥದು, ದಾನಿಗಳ ಹೆಸರು ಕೆತ್ತಿದ್ದು. ಜಾಲರಿಗೆ ಬೀಗ.

“ಈ ನೀರು ಯಾವಾಗ ಸಿಗುತ್ತದೆ?”

“ಊಟದ ಹೊತ್ತಿಗೆ, ಮಾತ್ರೆಯ ಹೊತ್ತಿಗೆ, ಮಾಸ್ಟರ್‌ಜಿ. ಇಲ್ಲದಿದ್ದರೆ ನೆಲ ಎಲ್ಲ ಒದ್ದೆ ಮಾಡ್ತಾರೆ, ಜಾರಿ ಬೀಳ್ತಾರೆ.”

“ರಾತ್ರಿ?”

ಅಟೆಂಡರ್ ಸಿಸ್ಟರ್ ಮುಖ ನೋಡಿದ. ಸಿಸ್ಟರ್ ಬಚ್ಚಲ ನಲ್ಲಿ ಇದೆಯಲ್ಲ ಅಂದರು.

ಮಾಸ್ತರರು ಕೋಪ ಮಾಡಿಕೊಳ್ಳಲಿಲ್ಲ. ಪಾಠ ಹೇಳುವ ದನಿಯಲ್ಲೇ ಹೇಳಿದರು: “ಲಿಥಿಯಂ ತಿನ್ನುವವನ ಬಾಯಾರಿಕೆ ನಿಮ್ಮ ನಮ್ಮ ಬಾಯಾರಿಕೆಯಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನಾನು ಬಚ್ಚಲ ನೀರು ಕುಡಿದಿದ್ದೇನೆ, ಅದಕ್ಕೇ ಕೇಳಿದೆ.” ಮನೋವೈದ್ಯೆ ಅದಕ್ಕೆ ಉಳಿದದ್ದನ್ನು ಸೇರಿಸಿದರು. ಮೈಯಲ್ಲಿ ನೀರಿನಂಶ ಇಳಿದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರುತ್ತದೆ, ಏರಿದರೆ ಅದೇ ಔಷಧಿ ವಿಷವಾಗುತ್ತದೆ: ಕೈ ನಡುಕ, ತೊದಲು, ತೂರಾಟ, ಕೊನೆಗೆ ಪ್ರಜ್ಞೆ ತಪ್ಪುವುದು. ರಕ್ತ ಪರೀಕ್ಷೆಯ ಪುಸ್ತಕ ತರಿಸಿ ನೋಡಿದರೆ ಪರೀಕ್ಷೆಗಳೇನೋ ತಪ್ಪದೆ ನಡೆದಿದ್ದವು. ಲ್ಯಾಬು ತನ್ನ ಕೆಲಸ ಮಾಡಿತ್ತು. ನೀರಿಗೆ ಬೀಗ ಬಿದ್ದದ್ದು ಯಾರ ಪುಸ್ತಕದಲ್ಲೂ ಬರುವಂಥದಲ್ಲ.

ಹೊರಗಿನ ಗೋಡೆ, ದೊಡ್ಡ ಗೇಟು, ಜಮಾದಾರನ ಗೊಂಚಲು ಇವುಗಳ ಬಗ್ಗೆ ತಂಡದವರು ಅಷ್ಟಾಗಿ ತಲೆ ಕೆಡಿಸಿಕೊಂಡದ್ದನ್ನು ನಾನು ಕಾಣಲಿಲ್ಲ. ತನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ತಂದುಕೊಳ್ಳುವ ಸ್ಥಿತಿಯಲ್ಲಿರುವವರು ಇಲ್ಲಿದ್ದಾರೆ. ಅಂಥವರಿಗೆ ಕೆಲವು ದಿನ ಆ ಬೀಗ ಬೇಕಾದೀತು. ಅವರು ಹುಡುಕುತ್ತಿದ್ದದ್ದು ಆ ಬೀಗದೊಳಗೆ ಒಂದರ ಹಿಂದೊಂದು ಸೇರಿಕೊಂಡ ಚಿಕ್ಕಪುಟ್ಟ ಬೀಗಗಳನ್ನು, ರೋಗಿಯ ಕ್ಷೇಮಕ್ಕಲ್ಲದೆ ನೆಲ ಒಣಗಿರಲಿ, ಎಣಿಕೆ ತಪ್ಪದಿರಲಿ, ರಾತ್ರಿ ಪಾಳಿ ಸಲೀಸಾಗಿ ಕಳೆಯಲಿ ಎಂದು ಹಾಕಿಕೊಂಡವುಗಳನ್ನು.

ಬಚ್ಚಲು ಮನೆಯಲ್ಲಿ ವಾದವೇ ನಡೆಯಿತು. ಪಾಚಿ ಕೆರೆದು ತೆಗೆದ ನೆಲ, ಗೀಸರಿನಿಂದ ಹೊಗೆಯಾಡುವ ಒಂದೇ ಒಂದು ನಲ್ಲಿ, ಬಕೀಟು ಹಿಡಿದು ಸಾಲು ನಿಂತವರು. ಪಾಯಿಖಾನೆಗಳಿಗೆ ಅರ್ಧ ಬಾಗಿಲು, ಒಳಗಿನಿಂದ ಚಿಲಕವಿಲ್ಲ. ಚಿಲಕ ಕಿತ್ತ ಜಾಗದಲ್ಲಿ ನಾಲ್ಕು ಮೊಳೆ ತೂತು. ಒಂದು ಕೈಯಲ್ಲಿ ಬಾಗಿಲನ್ನು ಎಳೆದು ಹಿಡಿದುಕೊಂಡೇ ಕೂರಬೇಕು. ಜಜ್ ಸಾಹೇಬರು ಇದೇನು ಎಂದು ಗುಡುಗಿದರು. ಸಿಸ್ಟರ್ ಈ ಸಲ ತಲೆ ತಗ್ಗಿಸಲಿಲ್ಲ. “ಚಿಲಕ ಹಾಕಿಕೊಂಡು ಒಳಗೆ ಯಾರಾದರೂ ಪಂಚೆಯನ್ನು ಕೊರಳಿಗೆ ಬಿಗಿದುಕೊಂಡರೆ ನನ್ನನ್ನೇ ತಾನೆ ಸಸ್ಪೆಂಡ್ ಮಾಡೋದು, ಸಾಹೇಬ್?” ಆಕೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಫ್ಯಾನಿನ ಕೊಕ್ಕೆ, ಕಿಟಕಿಯ ಸರಳು, ನಲ್ಲಿಯ ಕೊಳವೆ, ಬಟ್ಟೆ ತೂಗುಹಾಕುವ ಗೂಟ, ಯಾವುದಕ್ಕೆ ಕುಣಿಕೆ ಸಿಕ್ಕಿಸಬಹುದೆಂದು ನೋಡುವುದೂ ತಪಾಸಣೆಯ ಕೆಲಸವೇ. ಮನೋವೈದ್ಯೆ ಬೆಳಗಿನಿಂದ ಮಾಡಿನ ಕಡೆಗೇ ನೋಡುತ್ತಾ ನಡೆದದ್ದು ಅದಕ್ಕಾಗಿ. ಕೊನೆಗೆ ಅವರೇ ದಾರಿ ತೋರಿಸಿದರು. ಒಳಗಿನಿಂದ ಹಾಕಿಕೊಳ್ಳಬಹುದಾದ, ಹೊರಗಿನಿಂದ ಒಂದು ನಾಣ್ಯ ತೂರಿಸಿ ತಿರುಗಿಸಿದರೆ ತೆರೆದುಕೊಳ್ಳುವ ಚಿಲಕ ಬರುತ್ತದೆ. ದುಬಾರಿಯೂ ಅಲ್ಲ. ಸಿಸ್ಟರ್ ಅದನ್ನು ಕಂಡೇ ಇರಲಿಲ್ಲ. ಕಾಣಿಸಬೇಕಾದವರು ಕಾಣಿಸಿರಲಿಲ್ಲ.

ಈ ಸಿಸ್ಟರ್ ಬಗ್ಗೆ ಇನ್ನೆರಡು ಮಾತು. ಆಕೆಯ ಎಡಗೈ ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು, ಹಳೆಯದು, ಬೆಳ್ಳಗಾಗಿದೆ. ರಾತ್ರಿ ಪಾಳಿಯಲ್ಲಿ ಇಷ್ಟು ಜನಕ್ಕೆ ಆಕೆಯೊಬ್ಬಳು, ಇಬ್ಬರು ಅಟೆಂಡರು. 1999ರ ವರದಿ ನೋಡಿದ ಆಸ್ಪತ್ರೆಗಳಲ್ಲಿ ಮನೋರೋಗ ಶುಶ್ರೂಷೆಯ ತರಬೇತಿ ಪಡೆದ ದಾದಿಯರಿದ್ದದ್ದು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ ಕಡೆ. ಈಕೆಯೂ ಹೆರಿಗೆ ವಾರ್ಡಿನಿಂದ ವರ್ಗವಾಗಿ ಬಂದವರು, ಎಲ್ಲ ಕೈಯಿಂದಲೇ ಕಲಿತವರು. ಒಬ್ಬ ಮುದುಕನಿಗೆ ಮಾತ್ರೆ ಕೊಡುವಾಗ ಅವನ ಗಲ್ಲ ಹಿಡಿದು, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿದರು, ಅದು ಕ್ರಮ. ಆಮೇಲೆ ಸೆರಗಿನ ತುದಿಯಿಂದ ಅವನ ತುಟಿ ಒರೆಸಿದರು. ಅದು ಯಾವ ಕ್ರಮದಲ್ಲೂ ಇಲ್ಲ.

ಕಾರಿಡಾರಿನ ತುದಿಯಲ್ಲಿ ಮೂರು ಕತ್ತಲ ಕೋಣೆಗಳು. ಹಿಂದೆ ಒಂಟಿ ಕೋಣೆಗಳಾಗಿದ್ದವಂತೆ, ಈಗ ಸ್ಟೋರ್ ರೂಮು ಅಂದರು. ಏಕಾಂತದಲ್ಲಿ ಕೂಡಿಹಾಕುವುದನ್ನು, ಸರಪಣಿ ಬಿಗಿಯುವುದನ್ನು ಕಾಯ್ದೆ ಪೂರ್ತಿ ನಿಷೇಧಿಸಿದೆ. ಕೈಕಾಲು ಕಟ್ಟಿಹಾಕುವುದೂ ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಎಷ್ಟು ಅಗತ್ಯವೋ ಅಷ್ಟೇ ಹೊತ್ತು. ಕಾರಣ, ಹೊತ್ತು, ವಿಧಾನ ಎಲ್ಲ ಬರೆದಿಡಬೇಕು, ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಆ ರಿಜಿಸ್ಟರು ತರಿಸಿದರು. ಹೊಸ ಪುಸ್ತಕ, ಗೆರೆ ಹೊಡೆದ ಅಂಕಣಗಳು, ಒಂದು ಅಕ್ಷರವೂ ಇಲ್ಲ. ಒಬ್ಬರನ್ನೂ ಕಟ್ಟಿಲ್ಲ ಸಾಹೇಬ್ ಎಂದರು. ಮೊದಲ ಕೋಣೆಯಲ್ಲಿ ಪೊರಕೆ, ಮುರಿದ ಡ್ರಿಪ್ ಸ್ಟ್ಯಾಂಡು. ಎರಡನೆಯದರಲ್ಲಿ ಹಾಸಿಗೆಯ ರಾಶಿ. ಮೂರನೆಯದರಲ್ಲಿ ಒಂದೇ ಹಾಸಿಗೆ, ಹಾಸಿದ ಹಾಗೇ. ಅದರ ಪಕ್ಕ ಕಿತ್ತಳೆ ಸಿಪ್ಪೆ. ಜಜ್ ಸಾಹೇಬರು ಕೋಲಿನಿಂದ ಸಿಪ್ಪೆಯನ್ನು ಮಗುಚಿದರು. ಬಗ್ಗಿ ಎರಡು ಬೆರಳಲ್ಲಿ ಹಿಸುಕಿದರು. ಸಿಪ್ಪೆಯಿನ್ನೂ ಒಣಗಿರಲಿಲ್ಲ, ಸಣ್ಣಗೆ ಪರಿಮಳ ಚಿಮ್ಮಿತು. ಯಾರೂ ಮಾತಾಡಲಿಲ್ಲ. ಖಾಲಿ ರಿಜಿಸ್ಟರಿನ ಮೊದಲ ಪುಟದಲ್ಲಿ ಅವರು ಅಂದಿನ ತಾರೀಖು ಬರೆದು ಸಹಿ ಹಾಕಿದರು, “ಕೋಣೆ ಮೂರು, ಹಾಸಿಗೆ ಇದೆ, ಹಣ್ಣಿನ ಸಿಪ್ಪೆ ಹಸಿಯಾಗಿದೆ” ಎಂದಷ್ಟೇ ಕೆಳಗೆ ಬರೆದರು. ಆ ಕೋಣೆಯಲ್ಲಿದ್ದ ರೋಗಿಯನ್ನೇ ಹುಡುಕಿ ಏಕಾಂತದಲ್ಲಿ ಮಾತಾಡಿಸಲು ಮಾಸ್ತರರನ್ನೂ ಮನೋವೈದ್ಯೆಯನ್ನೂ ಕಳಿಸಿದರು. ಆ ಮಾತುಕತೆಯಲ್ಲಿ ನನಗೆ ಜಾಗವಿರಲಿಲ್ಲ.

ಕೈದಿಗಳ ವಾರ್ಡನ್ನು ಬೇಗ ದಾಟಿದೆವು, ಅಲ್ಲಿದ್ದವರು ಕಡಿಮೆ. ಬೆಂಚಿನ ಮೇಲೆ ಎಸ್ಕಾರ್ಟ್ ಪೊಲೀಸರು, ಮೊಬೈಲಿನಲ್ಲಿ ಕ್ರಿಕೆಟ್. ಒಬ್ಬ ವಿಚಾರಣಾಧೀನ ಕೈದಿಯ ಕಾಲನ್ನು ಮಂಚಕ್ಕೆ ಬಿಗಿದಿದ್ದ ಬೇಡಿಯನ್ನು ಜಜ್ ಸಾಹೇಬರು ನಿಂತ ನಿಲುವಿನಲ್ಲೇ ಬಿಚ್ಚಿಸಿದರು. ಇಲ್ಲಿ ಅವರು ಮಂಚಕ್ಕಿಂತ ಕಾಗದವನ್ನು ಹೆಚ್ಚು ಹೊತ್ತು ನೋಡಿದರು. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲವೆಂದು ಆಸ್ಪತ್ರೆಗೆ ಕಳಿಸಿದವನು ಚೇತರಿಸಿಕೊಂಡ ಮೇಲೆ ಕೋರ್ಟಿಗೆ ಆ ಸುದ್ದಿ ಮುಟ್ಟಬೇಕು. ಮುಟ್ಟದಿದ್ದರೆ ಏನಾಗುತ್ತದೆಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಇದ್ದಾರೆ. 1951ರಲ್ಲಿ ಹಿಡಿದು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದ ಆ ಯುವಕ ವಿಚಾರಣೆಯೇ ಇಲ್ಲದೆ ಆಸ್ಪತ್ರೆಯಲ್ಲೂ ಜೈಲಿನಲ್ಲೂ ಕಳೆದು ಹೊರಗೆ ಬಂದದ್ದು 2005ರಲ್ಲಿ, 54 ವರ್ಷದ ಮೇಲೆ. ಆಸ್ಪತ್ರೆಯವರು ಅವರು ಗುಣವಾಗಿದ್ದಾರೆಂದು 1967ರಲ್ಲೇ ಹೇಳಿದ್ದರು.

ಹೆಂಗಸರ ವಾರ್ಡಿಗೆ ಬರುವ ಹೊತ್ತಿಗೆ ಬಿಸಿಲು ಬಿದ್ದಿತ್ತು. ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು ಕೂತವರ ಸಾಲು, ಒಬ್ಬರ ಹಿಂದೊಬ್ಬರು ಕೂತು ತಲೆ ಬಾಚಿಕೊಡುತ್ತಿದ್ದಾರೆ. ತೆಂಗಿನೆಣ್ಣೆಯ ವಾಸನೆ. ಒಬ್ಬಾಕೆ ದೊಡ್ಡ ದನಿಯಲ್ಲಿ ಹಾಡುತ್ತಾಳೆ, ಇನ್ನೊಬ್ಬಾಕೆ ಬಾಯಿ ಮುಚ್ಚೇ ಎಂದು ಬೈಯುತ್ತಾಳೆ, ಹಾಡು ನಿಲ್ಲುವುದಿಲ್ಲ. ತಾಯಿ ಪ್ರತಿಯೊಬ್ಬರ ಕಾಲ ಬಳಿಯೂ ಬಗ್ಗಿ ಚಪ್ಪಲಿ ಇದೆಯೇ, ಸಾಕ್ಸ್ ಇದೆಯೇ, ಹಿಮ್ಮಡಿ ಒಡೆದಿದೆಯೇ ನೋಡುತ್ತಿದ್ದರು. ಮುಟ್ಟಿನ ದಿನಗಳ ಪ್ಯಾಡು ಯಾರ ಹತ್ತಿರ ಇರುತ್ತದೆ, ಕೇಳಬೇಕೋ ಕೊಡುತ್ತಾರೋ, ಗಂಡಸು ಅಟೆಂಡರ್ ಎದುರು ಕೇಳಬೇಕೋ ಎಂದು ಆಯಾಳನ್ನು ಮೂಲೆಗೆ ಕರೆದು ವಿಚಾರಿಸಿದರು. ಮುಟ್ಟಿನ ಬಟ್ಟೆಬರೆ ಒದಗಿಸುವುದು ಕಾಯ್ದೆಯಲ್ಲೇ ಬರೆದ ಹಕ್ಕು.

ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು ಗೋಡೆಗೆ ಮುಖ ಮಾಡಿ ಕೂತು ಗೊಣಗುತ್ತಿದ್ದಳು. ಐವತ್ತೈದು ಅರವತ್ತರ ಪ್ರಾಯ. ಮುಂಗೈ ಮೇಲೆ ಹಚ್ಚೆ. ಡಾಕ್ಟರಮ್ಮ ಕೇಸ್ ಶೀಟು ಓದುತ್ತಿದ್ದರು: ರೈಲ್ವೆ ಪೊಲೀಸರು ಕರೆತಂದದ್ದು, ವಿಳಾಸ ತಿಳಿಯದು, ಭಾಷೆ ತಿಳಿಯದು, ಅಸಂಬದ್ಧವಾಗಿ ತನ್ನಷ್ಟಕ್ಕೆ ಮಾತಾಡುತ್ತಾಳೆ. ಈ ಕೊನೆಯ ಸಾಲು ತಿಂಗಳು ತಿಂಗಳೂ ಬೇರೆ ಬೇರೆ ಕೈಬರಹದಲ್ಲಿ ಮತ್ತೆ ಮತ್ತೆ ಬಂದಿತ್ತು. ನಾನು ಸುಮ್ಮನೆ ಹತ್ತಿರ ಹೋದೆ. ಗೊಣಗು ಕಿವಿಗೆ ಬಿತ್ತು.

“ಥಂಡಿ ಭಾಳ ಅದ... ಎಮ್ಮಿ ಹಿಂಡೂ ಹೊತ್ತಾಗ್ಯಾದ... ಯಾರಿಗಿ ಹೇಳ್ಲಿ...”

ಬಾಯಿ ಮುಚ್ಚಿಕೊಂಡಿರುತ್ತೇನೆಂದು ಕೊಟ್ಟ ಮಾತು ಅಲ್ಲಿಗೆ ಮುರಿಯಿತು. “ಯಾವೂರವ್ವಾ ನಿಮ್ದು?” ಅಂದೆ.

ಅವಳು ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಮುಖ ನೋಡಿದಳು, ಬಟ್ಟೆ ನೋಡಿದಳು, ನಂಬದವಳ ಹಾಗೆ. ಆಮೇಲೆ ಅಳಲಿಲ್ಲ, ಜೋರು ಮಾಡಿದಳು. “ಇಷ್ಟ ದಿನ ಎಲ್ಲಿ ಹೋಗಿದ್ರಿ ತಂಗಿ? ಇವ್ರಿಗಿ ಮಾತೇ ತಿಳ್ಯಂಗಿಲ್ಲ, ಎಲ್ಲಾ ಹುಚ್ಚರಿದ್ದಂಗ ಅರ. ಮನಿಗಿ ಹೋಗ್ಬೇಕ್ರೀ ನಾ.” ಕಲಬುರಗಿ ಕಡೆಯ ಮಾತು. ಊರ ಹೆಸರು ಹೇಳಿದಳು, ಗಂಡನ ಹೆಸರು ಹೇಳಲಿಲ್ಲ, ಹೇಳಬಾರದಂತೆ. ಮಗನ ಹೆಸರು ಹೇಳಿದಳು. ಗಾಡಿ ಹತ್ತಿದ್ದು ಯಾಕೆಂದು ಕೇಳಿದರೆ ಕಿವಿಯಲ್ಲಿ ಯಾರೋ ಹತ್ತು ಹತ್ತು ಎಂದರು ಅಂದಳು. ಹಾಗಾದರೆ ಕಾಯಿಲೆ ಸುಳ್ಳಲ್ಲ. ಆದರೆ ಆ ಧ್ವನಿಗಳು ಈಗಲೂ ಬರುತ್ತವೆಯೇ ಎಂದು ಡಾಕ್ಟರಮ್ಮ ನನ್ನ ಮೂಲಕ ಕೇಳಿದಾಗ, ಈ ಗುಳಗಿ ತಿಂದ ಮ್ಯಾಲ ಬಂದಿಲ್ಲ ಅಂದಳು. ಎಷ್ಟು ದಿನದಿಂದ ಎಂದರೆ, “ಹೋದ ಥಂಡಿಯಾಗ ಬಿಟ್ಟಾವ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಗುಣವಾದವರನ್ನು ಕರೆದೊಯ್ಯಲು ಮನೆಯವರಿಲ್ಲ ಎಂಬ ಕಾರಣಕ್ಕೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ ಎಂಬುದು ಈಗಿನ ಕಾನೂನು. ದೇಶದ 43 ಸರ್ಕಾರಿ ಆಸ್ಪತ್ರೆಗಳನ್ನು ನೋಡಿ 2019ರಲ್ಲಿ ಬಂದ ಅಧ್ಯಯನವೊಂದು ಅಲ್ಲಿದ್ದವರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಜನ ವರ್ಷ ಮೀರಿ ಉಳಿದವರು ಎಂದಿತು. 2023ರಲ್ಲಿ ಮಾನವ ಹಕ್ಕುಗಳ ಆಯೋಗ ದೇಶದ 46 ಸರ್ಕಾರಿ ಸಂಸ್ಥೆಗಳ ಸ್ಥಿತಿ ಅಮಾನವೀಯವೆಂದು ಹೇಳಿದಾಗ, ಗುಣವಾದ ಮೇಲೂ ಜನರನ್ನು ಒಳಗಿಟ್ಟುಕೊಂಡದ್ದು ಅದರ ಮುಖ್ಯ ಆಕ್ಷೇಪಗಳಲ್ಲೊಂದು. ನಮ್ಮಲ್ಲಿ ಬೇರೆ ದಾರಿಯೂ ಇತ್ತು. 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜತೆಗೇ ಇರಿಸಿಕೊಂಡಿದ್ದರು. ಮನೆಯವರು ಪಕ್ಕದಲ್ಲಿದ್ದರೆ ಎಮ್ಮೆ ಹಿಂಡುವ ಮಾತು ಕೇಸ್ ಶೀಟಿನಲ್ಲಿ ಅಸಂಬದ್ಧವಾಗುತ್ತಿರಲಿಲ್ಲ.

ಹೊರಡುವ ಮುಂಚೆ ಜಜ್ ಸಾಹೇಬರು ಹೆಂಗಸರ ವಾರ್ಡಿನ ಹಿಂಬಾಗಿಲ ಮುಂದೆ ನಿಂತು, ಇದನ್ನು ತೆರೆಯಿರಿ ಎಂದರು. ಬೆಂಕಿ ಬಿದ್ದರೆ ಆಚೆ ಹೋಗಲು ಇಟ್ಟ ಬಾಗಿಲು, ಮೇಲೆ ಕೆಂಪಕ್ಷರದ ಫಲಕ. ಆಯಾ ಸಿಸ್ಟರಿಗೆ ಹೇಳಿದಳು, ಸಿಸ್ಟರ್ ಆಫೀಸಿಗೆ ಫೋನು ಮಾಡಿದರು, ಆಫೀಸಿನವರು ಜಮಾದಾರನನ್ನು ಕರೆದರು, ಜಮಾದಾರ ಗಂಡಸರ ವಾರ್ಡಿನಲ್ಲಿದ್ದ. ಸಾಹೇಬರು ಕೈಗಡಿಯಾರ ಹಿಡಿದುಕೊಂಡೇ ನಿಂತಿದ್ದರು. ಜಮಾದಾರ ಓಡಿಬಂದು, ಗೊಂಚಲಿನಲ್ಲಿ ಹುಡುಕಿ, ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಟ್ಟು ತೆರೆಯುವಷ್ಟರಲ್ಲಿ ಎಂಟು ನಿಮಿಷ ದಾಟಿತ್ತು. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯಮನೆಯೊಂದಕ್ಕೆ ಬೆಂಕಿ ಹತ್ತಿದಾಗ ಸರಪಣಿ ಬಿಗಿಸಿಕೊಂಡು ಮಲಗಿದ್ದ 28 ಜನ ಸತ್ತರು. ಸಾಹೇಬರು ಅದನ್ನು ಯಾರಿಗೂ ನೆನಪಿಸಲಿಲ್ಲ. ಪ್ರತಿ ವಾರ್ಡಿನಲ್ಲಿ ರಾತ್ರಿ ಪಾಳಿಯವರ ಸೊಂಟದಲ್ಲೇ ಹಿಂಬಾಗಿಲ ಬೀಗದ ಕೈ ಇರಬೇಕು, ನಾಳೆಯಿಂದಲ್ಲ, ಈ ರಾತ್ರಿಯಿಂದ ಎಂದು ಬರೆಸಿದರು.

ಸಂಜೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಬೆಳಿಗ್ಗೆ ಬೇಡವೆಂದ ಚಹಾ ಬಂತು. ಚಿಲಕಕ್ಕೆ ಲೋಕೋಪಯೋಗಿ ಇಲಾಖೆಯ ಎಸ್ಟಿಮೇಟ್ ಆಗಬೇಕು ಎಂದರು. ಜಜ್ ಸಾಹೇಬರು ಕಲೆಕ್ಟರ್ ಕಚೇರಿಯವರ ಮುಖ ನೋಡಿದರು. ಅವರು ಮರುಮಾತಿಲ್ಲದೆ ಬರೆದುಕೊಂಡರು. ನೀರಿನ ಜಾಲರಿಯ ಬೀಗಕ್ಕೆ ಎಸ್ಟಿಮೇಟ್ ಬೇಡವಾದ್ದರಿಂದ ಅದನ್ನು ಆಗಲೇ ತೆಗೆಸಿದ್ದರು. ಮೂರನೇ ಕೋಣೆಯ ವಿಷಯಕ್ಕೆ ಬಂದಾಗ ನನಗೆ ಆಚೆ ಕೂರಲು ಹೇಳಿದರು.

ಆಚೆ ವರಾಂಡದಲ್ಲಿ ಆಸ್ಪತ್ರೆಯ ಸೋಷಿಯಲ್ ವರ್ಕರ್, ಕೆಲಸಕ್ಕೆ ಸೇರಿ ಬಹಳ ದಿನವಾಗದ ಹುಡುಗಿ, ಕಾಯುತ್ತಿದ್ದಳು. ಕಲಬುರಗಿ ಕಡೆಯ ಆ ಹೆಂಗಸಿನ ಊರ ಹೆಸರನ್ನು ಹೇಗೆ ಬರೆಯುವುದು ಎಂದು ಕೇಳಿದಳು. ಫೋನಿನಲ್ಲಿ ಹುಡುಕಿದೆವು. ಆ ಹೆಸರಿನ ಹಳ್ಳಿ ಮೂರು ತಾಲ್ಲೂಕುಗಳಲ್ಲಿದೆ. ಮೂರೂ ಕಡೆಯ ಪೊಲೀಸ್ ಠಾಣೆಗಳಿಗೆ ಕನ್ನಡದಲ್ಲಿ ಕಾಗದ ಬರೆಸಿಕೊಂಡಳು: ಎತ್ತರ, ಮೈಬಣ್ಣ, ಮುಂಗೈಯ ಹಚ್ಚೆ, ಮಗನ ಹೆಸರು, ಮನೆಯಲ್ಲಿ ಎಮ್ಮೆ ಇದ್ದದ್ದು. ಆಮೇಲೆ ಫೋನು ಮಾಡಿದೆವು. ಕಾಣೆಯಾದದ್ದು ಯಾವ ವರ್ಷ ಎಂದು ಮೊದಲ ಠಾಣೆಯವರು ಕೇಳಿದರು. ಆಕೆ ಆಸ್ಪತ್ರೆಗೆ ಬಂದ ವರ್ಷ ಮಾತ್ರ ಗೊತ್ತು ಎಂದೆ. ಹಿಂದಿನ ಎರಡು ವರ್ಷದ ಪುಸ್ತಕ ನೋಡಿ ಹೇಳುತ್ತೇವೆ ಅಂದರು. ಎರಡನೆಯ ಠಾಣೆಯವರು ಫೋಟೋ ಕೇಳಿದರು. ಆಕೆಯ ಒಪ್ಪಿಗೆ ಪಡೆದು ಕಳಿಸುವುದೆಂದಾಯಿತು. ಮೂರನೆಯದಕ್ಕೆ ಲೈನು ಹತ್ತಲಿಲ್ಲ. ನಾಳೆ ಹತ್ತು ಗಂಟೆಗೆ ನೀವು ಮತ್ತೆ ಬರಬೇಕಾಗುತ್ತದೆ, ನನಗೆ ಕನ್ನಡ ಬರುವುದಿಲ್ಲವಲ್ಲ ಎಂದಳು ಹುಡುಗಿ, ಡೈರಿಯಲ್ಲಿ ನಂಬರು ಬರೆದುಕೊಳ್ಳುತ್ತಾ.